ಮುದಿನಾಯಿಯ ಬಾಯಾರಿಕೆ: ಹಾರ್ಮೋನುಗಳ ಚರಿತ್ರೆಯಿಂದ ಒಂದು ಪುಟ



ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹತ್ತು ಹನ್ನೆರಡು ವರ್ಷದ ನಾಯಿಯೊಂದು ಇರಬಹುದು. ಒಂದು ಕಾಲಕ್ಕೆ ಗೇಟಿನ ಸದ್ದಿಗೇ ಚಿಮ್ಮಿ ಬರುತ್ತಿದ್ದ ಪ್ರಾಣಿ ಈಗ ಜಗಲಿಯ ಮೂಲೆಯಲ್ಲಿ ಮಲಗಿ ಏದುಸಿರು ಬಿಡುತ್ತಿರುತ್ತದೆ. ಹೊಟ್ಟೆ ಜೋತುಬಿದ್ದಿದೆ, ಮೈಯ ಎರಡೂ ಪಕ್ಕಗಳಲ್ಲಿ ಕೂದಲು ತೆಳುವಾಗಿದೆ. ಬೆಳಿಗ್ಗೆ ತುಂಬಿಸಿಟ್ಟ ನೀರಿನ ಬೋಗುಣಿ ಮಧ್ಯಾಹ್ನದೊಳಗೆ ಬರಿದಾಗುತ್ತದೆ. ಎಂದೂ ಮನೆಯೊಳಗೆ ಗಲೀಜು ಮಾಡದಿದ್ದ ನಾಯಿ ಈಗ ರಾತ್ರಿ ನಡುಮನೆಯಲ್ಲೇ ಮೂತ್ರ ಮಾಡಿಬಿಡುತ್ತದೆ. ಮನೆಯವರು ಮೊದಲು ಗದರಿಸುತ್ತಾರೆ. ಆಮೇಲೆ "ಪಾಪ, ಅದಕ್ಕೂ ವಯಸ್ಸಾಯಿತು" ಎಂದು ಸುಮ್ಮನಾಗುತ್ತಾರೆ.

ಆದರೆ ವಯಸ್ಸಾಗುವುದು ಒಂದು ರೋಗವಲ್ಲ. ಈ ಲಕ್ಷಣಗಳ ಹಿಂದೆ ಹಾರ್ಮೋನಿಗೆ ಸಂಬಂಧಿಸಿದ ಕಾಯಿಲೆ ಇರಬಹುದು. ಆ ಕಾಯಿಲೆಯನ್ನು ಗುರುತಿಸುವ ವಿದ್ಯೆ ಮನುಷ್ಯನಿಗೆ ಹೇಗೆ ಬಂತು ಎಂಬುದನ್ನು ಹುಡುಕುತ್ತ ಹೋದರೆ, ದಾರಿಯುದ್ದಕ್ಕೂ ನಮಗೆ ಎದುರಾಗುವುದು ನಾಯಿಗಳೇ.

1889ನೆಯ ಇಸವಿ. ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮೆರಿಂಗ್ ಮತ್ತು ಮಿಂಕೋವ್ಸ್ಕಿ ಎಂಬ ಇಬ್ಬರು ವೈದ್ಯರು ಜೀರ್ಣಕ್ರಿಯೆಯಲ್ಲಿ ಮೇದೋಜೀರಕ ಗ್ರಂಥಿಯ ಪಾತ್ರವೇನೆಂದು ತಿಳಿಯಲು ಒಂದು ನಾಯಿಯಿಂದ ಆ ಗ್ರಂಥಿಯನ್ನು ತೆಗೆದುಹಾಕಿದರು. ನಾಯಿ ಬದುಕಿ ಉಳಿಯಿತು. ಆದರೆ ಪದೇಪದೇ ಮೂತ್ರ ಮಾಡತೊಡಗಿತು. ಮಿಂಕೋವ್ಸ್ಕಿ ಆ ಮೂತ್ರವನ್ನು ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆ ಇತ್ತು. ನಮ್ಮ ಪ್ರಾಚೀನ ವೈದ್ಯರು ಮಧುಮೇಹ ಎಂದು ಹೆಸರಿಟ್ಟಿದ್ದ ರೋಗದ ಮೂಲ ಎಲ್ಲಿದೆ ಎಂಬುದಕ್ಕೆ ಅಂದು ಮೊದಲ ಗಟ್ಟಿ ಸುಳಿವು ಸಿಕ್ಕಿತು.

ಮುಂದಿನ ಹೆಜ್ಜೆ ಲಂಡನ್ನಿನಲ್ಲಿ. 1902ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ಅರಿವಳಿಕೆ ನೀಡಿದ ನಾಯಿಯೊಂದರ ಕರುಳಿನ ಒಂದು ಭಾಗದ ನರಗಳನ್ನೆಲ್ಲ ಕತ್ತರಿಸಿ, ಅಲ್ಲಿಗೆ ಆಮ್ಲ ಹಾಕಿದರು. ನರಗಳ ಸಂಪರ್ಕವಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಹಾಗಾದರೆ ಸುದ್ದಿ ಮುಟ್ಟಿಸಿದವರು ಯಾರು? ಕರುಳಿನಿಂದ ಹೊರಟು ರಕ್ತದಲ್ಲಿ ಸಾಗಿಬಂದ ಒಂದು ರಾಸಾಯನಿಕ ವಸ್ತು. ಇಂತಹ ರಾಸಾಯನಿಕ ದೂತರಿಗೆ 1905ರಲ್ಲಿ ಸ್ಟಾರ್ಲಿಂಗ್ "ಹಾರ್ಮೋನು" ಎಂಬ ಹೆಸರನ್ನು ಬಳಸಿದರು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಪದ ಅದು.

ಈ ಹೆಸರು ಹುಟ್ಟುವ ಹೊತ್ತಿಗಾಗಲೇ ಅದೇ ಪ್ರಯೋಗಾಲಯದ ಸುತ್ತ ಒಂದು ದೊಡ್ಡ ಜಗಳ ಎದ್ದಿತ್ತು. 1903ರ ಫೆಬ್ರವರಿಯಲ್ಲಿ ಬೇಲಿಸ್ ವಿದ್ಯಾರ್ಥಿಗಳ ಮುಂದೆ ಒಂದು ಕಂದು ಬಣ್ಣದ ನಾಯಿಯ ಮೇಲೆ ಪ್ರಯೋಗ ನಡೆಸಿದರು. ಹಿಂದೊಮ್ಮೆ ಸ್ಟಾರ್ಲಿಂಗ್ ಶಸ್ತ್ರಕ್ರಿಯೆ ಮಾಡಿದ್ದ ನಾಯಿ ಅದು. ಅದಕ್ಕೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲವೆಂದು ಅಲ್ಲಿ ಹಾಜರಿದ್ದ ಇಬ್ಬರು ಸ್ವೀಡಿಷ್ ಮಹಿಳೆಯರು ಬರೆದರು. ಆಪಾದನೆ ಬಹಿರಂಗ ಸಭೆಯಲ್ಲಿ ಮೊಳಗಿತು. ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ಆದರೆ ಜನರ ಮನಸ್ಸು ತಣಿಯಲಿಲ್ಲ. 1906ರಲ್ಲಿ ಲಂಡನ್ನಿನ ಬ್ಯಾಟರ್ಸಿಯಲ್ಲಿ ಆ ಕಂದು ನಾಯಿಗೊಂದು ಪ್ರತಿಮೆ ಎದ್ದಿತು. 1907ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದು ಗಲಭೆ ಮಾಡಿದರು. 1910ರಲ್ಲಿ ಪೊಲೀಸರ ಕಾವಲಿನಲ್ಲಿ, ರಾತ್ರಿಯ ವೇಳೆ, ಪ್ರತಿಮೆಯನ್ನು ಕಿತ್ತು ಸಾಗಿಸಲಾಯಿತು. 1985ರಲ್ಲಿ ಅದೇ ಬ್ಯಾಟರ್ಸಿಯ ಉದ್ಯಾನದಲ್ಲಿ ಹೊಸ ಪ್ರತಿಮೆಯೊಂದು ಬಂತು.

ಈ ಜಗಳದಲ್ಲಿ ನೀವು ಯಾರ ಪಕ್ಷ ವಹಿಸುವಿರಿ? ಉತ್ತರಿಸುವ ಮೊದಲು ಇನ್ನೊಂದು ಘಟನೆಯನ್ನೂ ಗಮನಿಸಿ. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಮೇದೋಜೀರಕ ಗ್ರಂಥಿ ತೆಗೆದ ನಾಯಿಗಳಿಗೆ, ಅದೇ ಗ್ರಂಥಿಯಿಂದ ತಯಾರಿಸಿದ ಸಾರವನ್ನು ಚುಚ್ಚಿದರು. ನಾಯಿಗಳ ರಕ್ತದಲ್ಲಿನ ಸಕ್ಕರೆ ಇಳಿಯಿತು. ಮಾರ್ಜೊರಿ ಎಂಬ ನಾಯಿ ಹೀಗೆ ಸುಮಾರು 70 ದಿನ ಬದುಕಿತು. 1922ರ ಜನವರಿಯಲ್ಲಿ, ಶುದ್ಧಗೊಳಿಸಿದ ಸಾರದಿಂದ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಚೇತರಿಸಿಕೊಂಡ. ಅದೇ ಇನ್ಸುಲಿನ್. ಅದಕ್ಕೂ ಮೊದಲು ಇಂತಹ ಮಕ್ಕಳಿಗೆ ಸಾವಲ್ಲದೆ ಬೇರೆ ದಾರಿ ಇರಲಿಲ್ಲ. ಇಂದು ಮಧುಮೇಹ ಬಂದ ನಾಯಿಗೂ ಅದೇ ಇನ್ಸುಲಿನ್ನೇ ಆಸರೆ.

ಈಗ ನಮ್ಮ ಜಗಲಿಯ ಮುದಿನಾಯಿಯ ಕಡೆಗೆ ಬರೋಣ. ಅದರ ಲಕ್ಷಣಗಳನ್ನು ವಿವರಿಸುವ ರೋಗದ ಹೆಸರಿನಲ್ಲಿ ಹಾರ್ವಿ ಕುಶಿಂಗ್ ಎಂಬ ಅಮೆರಿಕದ ನರಶಸ್ತ್ರ ವೈದ್ಯರ ನೆನಪಿದೆ. ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯ ಕೆಲಸವನ್ನು ತಿಳಿಯಲು ಅವರ ತಂಡವೂ ನಾಯಿಗಳ ಮೇಲೆಯೇ ಪ್ರಯೋಗ ನಡೆಸಿ 1910ರಲ್ಲಿ ಫಲಿತಾಂಶ ಪ್ರಕಟಿಸಿತು. 1912ರ ತಮ್ಮ ಗ್ರಂಥದಲ್ಲಿ ಅವರು ಒಬ್ಬ ಯುವತಿಯ ವಿಚಿತ್ರ ಕಾಯಿಲೆಯನ್ನು ವರ್ಣಿಸಿದರು. 1932ರಲ್ಲಿ ಅಂತಹ ಹಲವು ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿ, ಪಿಟ್ಯುಟರಿಯಲ್ಲಿನ ಪುಟ್ಟ ಗಡ್ಡೆಯೇ ಮೂಲವೆಂದು ಸೂಚಿಸಿದರು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಪಿಟ್ಯುಟರಿ ಅಪ್ಪಣೆ ಕಳುಹಿಸುತ್ತದೆ. ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅಪ್ಪಣೆ ಮಿತಿಮೀರಿದರೆ ಕಾರ್ಟಿಸಾಲೂ ಮಿತಿಮೀರುತ್ತದೆ. ಮನುಷ್ಯರಲ್ಲಿ ಅಪರೂಪವಾದ ಈ ರೋಗ ನಾಯಿಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಣುತ್ತದೆ. ರೋಗ ಬಂದ ನಾಯಿಗಳ ಪೈಕಿ ಶೇಕಡಾ 80ರಿಂದ 85ರಷ್ಟರಲ್ಲಿ ಮೂಲ ಪಿಟ್ಯುಟರಿಯಲ್ಲಿ. ಉಳಿದವುಗಳಲ್ಲಿ ಹೆಚ್ಚಾಗಿ ಅಡ್ರಿನಲ್‌ನಲ್ಲಿ.

ಚಿಕಿತ್ಸೆಯ ಕಥೆಯೂ ನಾಯಿಯಿಂದಲೇ ಶುರು. ಡಿಡಿಟಿಯ ಹತ್ತಿರದ ಸಂಬಂಧಿಯಾದ ಡಿಡಿಡಿ ಎಂಬ ಕೀಟನಾಶಕವನ್ನು ತಿನ್ನಿಸಿದಾಗ ನಾಯಿಗಳ ಅಡ್ರಿನಲ್ ಗ್ರಂಥಿಯ ಹೊರಪದರ ಸೊರಗುತ್ತದೆ ಎಂದು 1949ರಲ್ಲಿ ವರದಿಯಾಯಿತು. ಆ ವಿಷದಿಂದಲೇ ಮೈಟೊಟೇನ್ ಎಂಬ ಔಷಧ ಬಂತು. ಅದು ಅಡ್ರಿನಲ್ ಕ್ಯಾನ್ಸರಿನ ಮನುಷ್ಯರಿಗೂ ನೆರವಾಯಿತು. ಕಾರ್ಟಿಸಾಲ್ ತಯಾರಿಕೆಯನ್ನು ತಗ್ಗಿಸುವ ಟ್ರೈಲೊಸ್ಟೇನ್‌ಗೆ ಅಮೆರಿಕದಲ್ಲಿ 2008ರಲ್ಲಿ ನಾಯಿಗಳ ಚಿಕಿತ್ಸೆಗಾಗಿ ಅನುಮತಿ ದೊರೆಯಿತು.

ಹಾಗಾದರೆ ನೀವು ಮಾಡಬೇಕಾದದ್ದೇನು? ಮೊದಲು ಅಳೆಯಿರಿ. ದಿನಕ್ಕೆ ಎಷ್ಟು ನೀರು ಇಟ್ಟಿರಿ, ಎಷ್ಟು ಉಳಿಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದೇಹದ ತೂಕದ ಒಂದು ಕಿಲೋಗೆ 100 ಮಿಲಿಲೀಟರಿಗಿಂತ ಹೆಚ್ಚು ನೀರು ಕುಡಿದರೆ, ಎಂದರೆ 10 ಕಿಲೋ ನಾಯಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕುಡಿದರೆ, ಪಶುವೈದ್ಯರಿಗೆ ತೋರಿಸಬೇಕು. ಮನೆಯೊಳಗೆ ಗಲೀಜು ಮಾಡುತ್ತದೆಂದು ನೀರನ್ನು ಮಾತ್ರ ಎಂದಿಗೂ ಕಡಿಮೆ ಮಾಡಬೇಡಿ. ಕುಡಿಯದಿದ್ದರೆ ಅದು ನಿರ್ಜಲವಾಗಿ ಅಪಾಯಕ್ಕೆ ಸಿಲುಕುತ್ತದೆ. ಇದೇ ಬಾಯಾರಿಕೆ ಮಧುಮೇಹದಲ್ಲೂ ಮೂತ್ರಪಿಂಡದ ರೋಗದಲ್ಲೂ ಹೆಣ್ಣುನಾಯಿಯ ಗರ್ಭಕೋಶದ ಸೋಂಕಿನಲ್ಲೂ ಬರುತ್ತದೆ. ಬಾಯಾರಿಕೆಯಿಲ್ಲದೆ ಮೈ ಬೆಳೆದು, ಜಡವಾಗಿ, ಚಳಿ ತಡೆಯದಾದರೆ ಥೈರಾಯಿಡ್ ಹಾರ್ಮೋನಿನ ಕೊರತೆ ಇರಬಹುದು. ಆದ್ದರಿಂದ ರೋಗವನ್ನು ನಿರ್ಧರಿಸುವುದು ರಕ್ತ ಮತ್ತು ಮೂತ್ರದ ಪರೀಕ್ಷೆಗಳ ಕೆಲಸ, ಊಹೆಯದಲ್ಲ. ತುರಿಕೆಗೆಂದು ಬಹುಕಾಲ ಕೊಟ್ಟ ಸ್ಟೀರಾಯಿಡ್ ಔಷಧವೂ ಇದೇ ಲಕ್ಷಣಗಳನ್ನು ತರಬಲ್ಲದು. ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ಕುಶಿಂಗ್ ರೋಗದ ಮಾತ್ರೆ ಕೊಡುವಾಗ ನಾಯಿ ಊಟ ಬಿಟ್ಟರೆ, ವಾಂತಿ ಮಾಡಿದರೆ, ನಿತ್ರಾಣವಾದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ವೈದ್ಯರನ್ನು ಕಾಣಬೇಕು.

ಕೊನೆಗೆ ನಮ್ಮ ನಾಡಿನದೇ ಒಂದು ಕಲ್ಲಿನ ಮಾತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಕಾದದ್ದು ಕೇಳೆಂದು ಗಂಗ ದೊರೆ ಬೂತುಗ ಹೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ಕಾಡುಹಂದಿಯೊಂದಿಗೆ ಹೋರಾಡಿ ಮಡಿಯಿತು, ಹಂದಿಯೂ ಸತ್ತಿತು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಕಟ್ಟಳೆ ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋದಾಗ ನೋಡಿ.

ಕಾಳಿಗೆ ಹೆಸರಿದೆ, ಕಲ್ಲಿದೆ. ಪ್ರಯೋಗಾಲಯಗಳಲ್ಲಿ ಪ್ರಾಣ ಕೊಟ್ಟ ನಾಯಿಗಳಲ್ಲಿ ಬಹುಪಾಲಿಗೆ ಉಳಿದದ್ದು ಒಂದು ಸಂಖ್ಯೆ ಮಾತ್ರ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನಮ್ಮ ದೇಶದಲ್ಲೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಕಡಿವಾಣ ಹಾಕಿತು. ಆದರೆ ಹಿಂದಿನ ಸಾಲ ಕಾಯಿದೆಯಿಂದ ತೀರುವಂಥದಲ್ಲ. ನಾಯಿಗಳ ನೋವಿನಿಂದ ದೊರೆತ ಜ್ಞಾನ ನಾಯಿಗೇ ಒದಗದಿದ್ದರೆ ಅದು ನ್ಯಾಯವೇ? ಇಂದು ಸಂಜೆ ಆ ಖಾಲಿ ಬೋಗುಣಿಗೆ ನೀರು ತುಂಬಿ, ಎಷ್ಟು ತುಂಬಿದಿರೆಂದು ಬರೆದಿಡಿ. ಸಾಲ ತೀರಿಸುವ ಕೆಲಸ ಅಲ್ಲಿಂದ ಆರಂಭವಾಗಲಿ.