ಫಲಾಲೀನ್: ಹೆಸರು ಒಂದೇ, ನೂಲು ಮೂರು

ಹೋದ ಚಳಿಗಾಲದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಬಾಣಂತನ ನಡೆದಿತ್ತು. ಕಮಲಾಪುರದ ಹತ್ತಿರದ ಹಳ್ಳಿ, ಬೆಳಗಿನ ಜಾವ, ಮೈ ನಡುಗುವ ಥಂಡಿ. ಕೂಸಿಗೆ ಎರೆಯಲು ನೀರೊಲೆ ಹೊತ್ತಿಸಿದ್ದರು. ಹಿಂದಿನ ದಿನ ಒಗೆದ ಮೆತ್ತನೆಯ ಚಾದರ ಇನ್ನೂ ಹಸಿ ಇತ್ತು, ಲಗೂ ಆರಲಿ ಎಂದು ಒಲೆಯ ಪಕ್ಕದ ಹಗ್ಗಕ್ಕೆ ಹಾಕಿದ್ದರು. ಅದು ಆರಿ ಬೆಚ್ಚಗಾಗುವ ಹೊತ್ತಿಗೆ ತೊಗರಿ ಕಟ್ಟಿಗೆಯಿಂದ ಒಂದು ಕಿಡಿ ಸಿಡಿಯಿತು. ಬೆಂಕಿ ಒಂದು ಕಡೆ ಹತ್ತಿ ನಿಧಾನಕ್ಕೆ ಉರಿಯಲಿಲ್ಲ, ಬಟ್ಟೆಯ ಮೇಲೆಲ್ಲ ಸರ್ರನೆ ಓಡಿತು. ಪುಣ್ಯಕ್ಕೆ ಕೂಸು ಒಳಗೆ ತೊಟ್ಟಿಲಲ್ಲಿತ್ತು. ಅಜ್ಜಿ ಕೊಡದ ನೀರು ಸುರಿದು ಆರಿಸಿದರು.

"ಕಂಬಳಿ ಹಿಂಗ ಉರಿಯಂಗಿಲ್ಲ ನೋಡಪಾ. ಇದೆಂಥಾ ಅರಿವಿ?" ಎಂದು ಕೇಳಿದರು.

ಫ್ಲಾನೆಲ್ ಎಂದೆವು.

"ಫಲಾಲೀನ್ ಏನು? ಅದು ಉಣ್ಣೀದಲ್ಲೇನು? ನಮ್ಮಪ್ಪಗ ಒಂದು ಕೋಟ್ ಇತ್ತು ಅದರದು."

ನಮ್ಮ ಬಳಿ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದಾಗ ಅಜ್ಜಿ ಕೇಳಿದ್ದು ಸರಿಯಾಗಿಯೇ ಇತ್ತು.

ಉರ್ದು, ಹಿಂದಿಯವರ ಫಲಾಲೀನ್, ಇಂಗ್ಲಿಷಿನ ಫ್ಲಾನೆಲ್ ಎರಡೂ ಒಂದೇ. ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಗುಡ್ಡಗಾಡು ಪ್ರದೇಶವಿದೆ, ಕುರಿಗಳ ನಾಡು. ಅಲ್ಲಿನ ಭಾಷೆಯಲ್ಲಿ ಉಣ್ಣೆಗೆ ಗ್ವ್ಲಾನ್ ಎನ್ನುತ್ತಾರೆ. ಫ್ಲಾನೆಲ್ ಎಂಬ ಹೆಸರು ಅದರಿಂದಲೇ ಬಂದಿರಬೇಕು ಎಂದು ಬಹಳ ಜನ ಪಂಡಿತರ ಅಭಿಪ್ರಾಯ. ಅಲ್ಲಿನವರು ಉಣ್ಣೆಯ ಬಟ್ಟೆ ನೇಯ್ದು ಅದರ ಮೇಲ್ಮೈಯನ್ನು ಕೆರೆದು ರೋಮ ಎಬ್ಬಿಸುತ್ತಿದ್ದರು. ಮೊದಮೊದಲು ಹೀಗೆ ಕೆರೆಯಲು ಬಳಸುತ್ತಿದ್ದದ್ದು ಒಂದು ಗಿಡದ ಒಣಗಿದ ಮುಳ್ಳಿನ ತಲೆಗಳನ್ನು. ಮುಂದೆ ತಂತಿ ಹಲ್ಲುಗಳ ಉರುಳೆಗಳು ಬಂದವು. ಎದ್ದ ರೋಮದ ನಡುವೆ ಗಾಳಿ ನಿಲ್ಲುತ್ತದೆ, ಆ ಗಾಳಿ ಮೈಯ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ. ಬೆಚ್ಚಗಿರುವುದರ ಗುಟ್ಟು ಇಷ್ಟೇ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಗಿರಣಿಗಳು ಇದೇ ಕೆಲಸವನ್ನು ಅಗ್ಗದ ಹತ್ತಿ ಬಟ್ಟೆಯ ಮೇಲೆ ಮಾಡತೊಡಗಿದವು. ಅದಕ್ಕೆ ಫ್ಲಾನೆಲೆಟ್ ಎಂದು ಹೆಸರಿಟ್ಟರು. ಕೈಗೆ ಉಣ್ಣೆಯಂತೆಯೇ ಮೆತ್ತಗೆ, ಬೆಲೆ ಮಾತ್ರ ಬಡವರಿಗೂ ಎಟಕುವಂಥದ್ದು. ಕೂಲಿಕಾರರ ಮನೆಗಳಲ್ಲಿ ಮಕ್ಕಳಿಗೆ ರಾತ್ರಿಯ ಅಂಗಿ ಅದರದೇ ಆಯಿತು. ಆ ಮನೆಗಳಲ್ಲಿ ಥಂಡಿಗೆ ತೆರೆದ ಬೆಂಕಿಗೂಡುಗಳಿದ್ದವು. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ, ಹತ್ತಿದರೂ ಕಮರಿ ಆರುವುದೇ ಹೆಚ್ಚು. ಹತ್ತಿಯದು ಹಾಗಲ್ಲ. ಅದರಲ್ಲೂ ರೋಮ ಎಬ್ಬಿಸಿದ ಹತ್ತಿ ಎಂದರೆ ಪ್ರತಿ ಎಳೆಯ ಸುತ್ತಲೂ ಗಾಳಿ. ಬೆಂಕಿಗೆ ಇನ್ನೇನು ಬೇಕು? ಅಂಗಿಗೆ ಕಿಡಿ ತಾಗಿ ಎಷ್ಟೋ ಮಕ್ಕಳು ಸುಟ್ಟು ಸತ್ತರು.

ಕೃತಕ ಬಣ್ಣ ಕಂಡುಹಿಡಿದು ಹೆಸರಾದ ವಿಲಿಯಂ ಪರ್ಕಿನ್ ಅವರ ಮಗ, ಅದೇ ಹೆಸರಿನ ರಸಾಯನ ವಿಜ್ಞಾನಿ, ತವರದ ಲವಣಗಳಿಂದ ಈ ಬಟ್ಟೆಗೆ ಬೆಂಕಿ ಹತ್ತದಂತೆ ಮಾಡುವ ದಾರಿ ಕಂಡುಕೊಂಡರು. 1913ರಲ್ಲಿ ಬ್ರಿಟನ್ ಕಾನೂನು ತಂದಿತು: ಬೆಂಕಿ ಹತ್ತುವುದಿಲ್ಲ ಎಂದು ಹೇಳಿ ಮಾರುವ ಬಟ್ಟೆ ಪರೀಕ್ಷೆಯಲ್ಲಿ ಗೆಲ್ಲಲೇಬೇಕು. ನೂರು ವರ್ಷಕ್ಕೂ ಹಿಂದೆ ಅಲ್ಲಿ ಕಲಿತ ಪಾಠ ನಮ್ಮ ಸಂತೆಯ ಚಾದರದ ಜೊತೆ ಬಂದಿಲ್ಲ. ಚಾದರ ಮಾತ್ರ ಬಂದಿದೆ.

ಹಾಗಾದರೆ ಅದಕ್ಕೂ ಮೊದಲು ನಮ್ಮ ಭಾಗದವರು ಥಂಡಿಗೆ ಏನು ಹೊದೆಯುತ್ತಿದ್ದರು? ಕಲಬುರಗಿ ಎಂದರೆ ಎಲ್ಲರೂ ಬಿಸಿಲನ್ನೇ ನೆನೆಯುತ್ತಾರೆ. ಡಿಸೆಂಬರ್, ಜನವರಿಯ ರಾತ್ರಿ ಹೊಲದಲ್ಲಿ ಮಲಗಿದವರನ್ನು ಕೇಳಬೇಕು. ಅವರಿಗೆ ಕಂಬಳಿಯೇ ಗತಿ. ದಖನಿ ಕುರಿಯ ಒರಟು ಉಣ್ಣೆ, ಕುರುಬರ ಕೈಯ ನೇಯ್ಗೆ, ಹುಣಸೆ ಬೀಜದ ಗಂಜಿ. ಮೈಗೆ ಚುಚ್ಚುತ್ತದೆ ನಿಜ. ಆದರೆ ಕುರಿಗಾರರು ಅದನ್ನು ಹೊದ್ದುಕೊಂಡೇ ಬೆಂಕಿಯ ಮುಂದೆ ಕೂರುತ್ತಾರೆ, ಹೆದರಿಕೆ ಇಲ್ಲ.

ಮನೆಯೊಳಗೆ ಕೌದಿ. ಅವ್ವನ ಹಳೆ ಸೀರೆ, ಅಪ್ಪನ ಹಳೆ ಧೋತರ ಪದರ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತ ಬರುತ್ತಾರೆ. ಫಲಾಲೀನಿನಲ್ಲಿ ರೋಮ ಮಾಡುವ ಕೆಲಸವನ್ನು ಇಲ್ಲಿ ಪದರಗಳು ಮಾಡುತ್ತವೆ. ಗಾಳಿ ಪದರಗಳ ನಡುವೆ ನಿಲ್ಲುತ್ತದೆ. ಕೌದಿಯೂ ಹತ್ತಿಯೇ, ಉರಿಯುತ್ತದೆ. ಆದರೆ ಬಿಗಿಯಾಗಿ ಹೊಲಿದ ದಪ್ಪ ಅರಿವಿ ನಿಧಾನಕ್ಕೆ ಉರಿಯುತ್ತದೆ, ಎಸೆದು ದೂರ ಸರಿಯಲು ಸಮಯ ಸಿಗುತ್ತದೆ.

ಗಿರಣಿ ಬಟ್ಟೆ ಬಂದದ್ದು ರೈಲಿನ ಹಿಂದೆ. 1871ರ ಹೊತ್ತಿಗೆ ಮುಂಬಯಿಯ ರೈಲು ಕಲಬುರಗಿ ದಾಟಿ ರಾಯಚೂರು ಮುಟ್ಟಿತ್ತು. 1880ರ ದಶಕದಲ್ಲಿ ಕಲಬುರಗಿಯಲ್ಲೇ ಬಟ್ಟೆ ಗಿರಣಿ ಎದ್ದಿತು. ಆಗಿನ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹೆಸರಿನಲ್ಲಿ ಮಹಬೂಬ್ ಶಾಹಿ ಕುಲ್ಬರ್ಗಾ ಮಿಲ್ಸ್. ಜನರ ಬಾಯಲ್ಲಿ ಎಂಎಸ್‌ಕೆ ಮಿಲ್. 1974ರಲ್ಲಿ ಕೇಂದ್ರ ಸರ್ಕಾರ ದೇಶದ 103 ರೋಗಗ್ರಸ್ತ ಗಿರಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ ಅದರಲ್ಲಿ ಇದೂ ಇತ್ತು. ಆದರೂ ಉಳಿಯಲಿಲ್ಲ. ಈಗ ಆಟೋದವರಿಗೆ ಹೇಳುವ ವಿಳಾಸವಾಗಿ ಮಾತ್ರ ಆ ಹೆಸರು ಇದೆ. 2023ರಲ್ಲಿ ಕೇಂದ್ರವು ಏಳು ಜವಳಿ ಪಾರ್ಕುಗಳನ್ನು ಘೋಷಿಸಿದಾಗ ಕರ್ನಾಟಕದ್ದು ಕಲಬುರಗಿಗೆ ಬಂತು. ಆಗ ಹಳಬರು ಮೊದಲು ನೆನೆದದ್ದು ಈ ಗಿರಣಿಯನ್ನೇ.

ನಮ್ಮ ಗಿರಣಿ ನಿಂತರೂ ರೈಲಿನಲ್ಲಿ ಸುಮಾರು 110 ಕಿಲೋಮೀಟರ್ ದೂರದ ಸೊಲ್ಲಾಪುರ ಕೈಬಿಡಲಿಲ್ಲ. ತೆಲಂಗಾಣದಿಂದ ಹೋಗಿ ನೆಲೆಸಿದ ಪದ್ಮಶಾಲಿ ನೇಕಾರರು ಬೆಳೆಸಿದ ಸೊಲ್ಲಾಪುರ ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನಮ್ಮ ಕಡೆ ಮದುವೆ ಮುಯ್ಯಿ ಎಂದರೆ ಅದೇ. ಅದರಲ್ಲಿ ರೋಮ ಇಲ್ಲ, ದಪ್ಪ ನೂಲಿನ ಒತ್ತು ನೇಯ್ಗೆಯೇ ಅದರ ಬಲ.

ಈಗಿನ ಸಂತೆಗೆ ಬರೋಣ. ಇಲ್ಲಿ ಹೆಸರು ಮೂರನೆಯ ಸಲ ನೂಲು ಬದಲಿಸಿದೆ. ಫ್ಲಾನೆಲ್ ಎಂದು ಮಾರುವುದರಲ್ಲಿ ಎಷ್ಟೋ ಚಾದರ ಹತ್ತಿಯೂ ಅಲ್ಲ, ಪಾಲಿಯೆಸ್ಟರ್. ಅದು ಬೆಂಕಿಗೆ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹೆಸರು ಕೇಳಬೇಡಿ, ನೂಲು ಯಾವುದು ಎಂದು ಕೇಳಿ. ನಂಬಿಕೆ ಬಾರದಿದ್ದರೆ ಅಂಚಿನ ಒಂದೆರಡು ಎಳೆ ಕಿತ್ತು, ಅಂಗಡಿಯಿಂದ ಹೊರಗೆ ಬಂದು, ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಪುಡಿ ಬೂದಿ. ಪಾಲಿಯೆಸ್ಟರ್ ಆದರೆ ಗಟ್ಟಿ ಕರಿ ಮಣಿ. ಉಣ್ಣೆಯಾದರೆ ಕೂದಲು ಸುಟ್ಟ ನಾತ. ಬಟ್ಟೆಯನ್ನು ಬೆಳಕಿಗೆ ಹಿಡಿದೂ ನೋಡಿ. ನೇಯ್ಗೆ ಜಾಳಾಗಿದ್ದು ಮೇಲೆ ಬರೀ ರೋಮ ಇದ್ದರೆ ಒಂದು ಚಳಿಗಾಲಕ್ಕೆ ಬೋಳಾಗುತ್ತದೆ. ಅಂಗೈಯಿಂದ ಜೋರಾಗಿ ಉಜ್ಜಿದಾಗ ಉಂಡೆ ಉಂಡೆ ಏಳುವುದೂ ಬೇಡ. ಹತ್ತಿಯದು ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಮಂಚದ ಅಳತೆಗಿಂತ ಒಂದು ಗೇಣು ಹೆಚ್ಚಿಗೆ ತರಬೇಕು.

ಒಗೆಯುವಾಗ ನಮ್ಮವರ ತಪ್ಪು ಎಂದರೆ ಕಲ್ಲಿಗೆ ಬಡಿಯುವುದು. ರೋಮ ಅಲ್ಲಿಗೇ ಮುಗಿಯಿತು. ತಣ್ಣೀರಿನಲ್ಲಿ ನೆನೆಸಿ ಕೈಯಲ್ಲಿ ಹಿಸುಕಿದರೆ ಸಾಕು. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪು ಪೂರ್ತಿ ಬಿಡುವುದಿಲ್ಲ. ಉಳಿದ ಸೋಪು ರೋಮವನ್ನು ಅಂಟಿಸಿ ಬಟ್ಟೆಯನ್ನು ಹಪ್ಪಳ ಮಾಡುತ್ತದೆ. ಸೋಪು ಕಡಿಮೆ ಹಾಕಿ, ಎರಡು ಸಲ ಹೆಚ್ಚಿಗೆ ಜಾಲಿಸಿ. ಕೊಡವಿ ನೆರಳಿಗೆ ಹಾಕಿ, ಅರ್ಧ ಆರಿದಾಗ ಮತ್ತೊಮ್ಮೆ ಕೊಡವಿದರೆ ರೋಮ ಏಳುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿಸಿ, ಒಣ ಬೇವಿನ ಎಲೆಯೊಂದಿಗೆ ಟ್ರಂಕಿಗೆ ಹಾಕಿಡಿ. ಒಲೆ, ಚಿಮಣಿ ದೀಪ, ಅಗ್ಗಿಷ್ಟಿಕೆ ಇರುವ ಕೋಣೆಯಲ್ಲಿ ಈ ಚಾದರ ಹೊದಿಸಿದ ಮಗುವನ್ನು ಬಿಟ್ಟು ಹೋಗಬೇಡಿ.

ಆ ಮನೆಗೆ ಮೊನ್ನೆ ಹೋಗಿದ್ದೆವು. ಸುಟ್ಟ ಚಾದರದಲ್ಲಿ ಉಳಿದ ಭಾಗವನ್ನು ಅಜ್ಜಿ ಬಿಸಾಡಿಲ್ಲ. ಕತ್ತರಿಸಿ ಹೊಸ ಕೌದಿಯ ಒಳಪದರಕ್ಕೆ ಹಾಕಿದ್ದಾರೆ. ಒಲೆಯ ಪಕ್ಕದ ಹಗ್ಗ ಈಗ ಹಿತ್ತಲಿಗೆ ಹೋಗಿದೆ.