ಗಾಜಿನ ಪೆಟ್ಟಿಗೆಯ ಹೊರಗೆ ಕೂತ ಅಮ್ಮ

‘ಮಗೂನ ಪೆಟ್ಟಿಗೇಲಿ ಇಟ್ಟಿದಾರಂತೆ.’ ದಿನ ತುಂಬದೆ ಹೆರಿಗೆಯಾದ ಮನೆಯಿಂದ ಬರುವ ಮೊದಲ ಸುದ್ದಿ ಇದೇ ಅಲ್ವಾ ವೀಕ್ಷಕರೇ? ಹೆಣ್ಣೋ ಗಂಡೋ, ತೂಕ ಎಷ್ಟು ಅನ್ನೋದೆಲ್ಲ ಆಮೇಲಿನ ಮಾತು. ಪೆಟ್ಟಿಗೆ ಅಂದ ಕೂಡಲೇ ಎದೆ ಧಸಕ್ ಅನ್ನುತ್ತೆ. ಹಿಂದೆಯೇ ಸ್ವಲ್ಪ ಧೈರ್ಯವೂ ಬರುತ್ತೆ. ಪೆಟ್ಟಿಗೆ ಇದೆಯಲ್ಲ, ಮಷೀನ್ ನೋಡಿಕೊಳ್ಳುತ್ತೆ!

ನಾನೂ ಹಾಗೇ ನಂಬಿದ್ದವನು. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಮ್ಮ ತಂಡದ ಪ್ರಾಜೆಕ್ಟ್ ಏನು ಗೊತ್ತಾ? ಇನ್‌ಕ್ಯುಬೇಟರ್‌ಗೆ ಟೆಂಪರೇಚರ್ ಕಂಟ್ರೋಲರ್. ಮಗುವಿನ ಜಾಗದಲ್ಲಿ ಒಂದು ಬಿಸಿನೀರಿನ ಬಾಟಲಿ ಮಲಗಿಸಿದ್ವಿ. ವೈವಾದಲ್ಲಿ ಎಕ್ಸಾಮಿನರ್ ಒಂದೇ ಪ್ರಶ್ನೆ ಕೇಳಿದ್ರು: ‘ಕರೆಂಟ್ ಹೋದ್ರೆ?’ ನಾನು ‘ಯುಪಿಎಸ್ ಇದೆ ಸರ್’ ಅಂದೆ. ಒಳ್ಳೆ ಮಾರ್ಕ್ಸ್ ಬಂತು.

ಆ ಉತ್ತರ ಎಷ್ಟು ಪೊಳ್ಳು ಅಂತ ಗೊತ್ತಾಗಿದ್ದು ವರ್ಷಗಳ ನಂತರ, ವರದಿಗಾರನಾಗಿ ಒಂದು ಆಸ್ಪತ್ರೆಗೆ ಹೋದಾಗ. ಒಂದೇ ವಾರ್ಮರ್ ಕೆಳಗೆ ಎರಡು ಕೂಸುಗಳು. ಮೂಲೆಯಲ್ಲಿ ಬಟ್ಟೆ ಹೊದಿಸಿದ ಇನ್ನೊಂದು ಮಷೀನ್; ಬಿಡಿಭಾಗ ಬಂದಿಲ್ಲ ಅಂತ ಅದು ಕೆಲಸ ನಿಲ್ಲಿಸಿತ್ತು. ಹೊರಗೆ ಕಾರಿಡಾರ್‌ನ ನೆಲದ ಮೇಲೆ ಒಬ್ಬ ಬಾಣಂತಿ, ಕಿವಿ ಮುಚ್ಚುವ ಹಾಗೆ ಸ್ಕಾರ್ಫ್ ಕಟ್ಟಿಕೊಂಡು ಕೂತಿದ್ದಳು. ಮೈಕ್ ಮುಂದೆ ಹಿಡಿದು ‘ಏನಮ್ಮ, ಸರ್ಕಾರಕ್ಕೆ ಏನು ಹೇಳ್ತೀರಿ?’ ಅಂದೆ. ಆಕೆ ಹೇಳಿದ್ದು ಇಷ್ಟು: ‘ಒಂದ್ಸಲ ಎತ್ಕೊಳ್ಳೋಕೆ ಬಿಡಿ ಅಂತ ಹೇಳಣ್ಣ.’

ಆ ಬೈಟ್ ನಾನು ಹಾಕಲಿಲ್ಲ. ಕೆಟ್ಟುನಿಂತ ಮಷೀನೇ ನನಗೆ ಸ್ಟೋರಿ ಆಗಿತ್ತು. ನಿಜವಾದ ಹೆಡ್‌ಲೈನ್ ಆ ತಾಯಿಯ ಮಾತಿನಲ್ಲಿತ್ತು ಅಂತ ತಿಳಿಯೋಕೆ ನಾನು ಈ ಪೆಟ್ಟಿಗೆಯ ಚರಿತ್ರೆ ಓದಬೇಕಾಯಿತು. ಇವತ್ತು ಅದನ್ನೇ ನಿಮ್ಮ ಮುಂದೆ ಇಡ್ತೀನಿ.

ಮೊದಲು ಸ್ವಲ್ಪ ವಿಜ್ಞಾನ. ಬಚ್ಚಲಮನೆಯ ಹಂಡೆ ನೀರು ತುಂಬಾ ಹೊತ್ತು ಬಿಸಿಯಾಗಿರುತ್ತೆ. ಲೋಟದ ಕಾಫಿ? ಪೇಪರ್ ಓದಿ ಮುಗಿಸೋದರೊಳಗೆ ತಣ್ಣಗೆ. ಗಾತ್ರ ಚಿಕ್ಕದಾದಷ್ಟೂ, ತೂಕಕ್ಕೆ ಹೋಲಿಸಿದರೆ ಶಾಖ ಸೋರುವ ಮೈ ಜಾಸ್ತಿ. ಒಂದೂವರೆ ಕೆ.ಜಿ. ಕೂಸು ಅಂದರೆ ಲೋಟದ ಕಾಫಿ. ಶಾಖ ಹುಟ್ಟಿಸುವ ಕಂದು ಕೊಬ್ಬು ಗರ್ಭದ ಕೊನೆಯ ತಿಂಗಳುಗಳಲ್ಲಿ ಸೇರಬೇಕು. ಈ ಮಗು ಅದಕ್ಕೂ ಮೊದಲೇ ಹೊರಗೆ ಬಂದಿದೆ. ಚರ್ಮ ತೆಳು, ಅದರಿಂದ ನೀರಿನಂಶ ಆವಿಯಾಗುತ್ತೆ. ನಮ್ಮ ಹಾಗೆ ಗಡಗಡ ನಡುಗಿ ಬಿಸಿ ಮಾಡಿಕೊಳ್ಳೋಕೂ ಬರಲ್ಲ. ಮೈ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ, ಇರುವ ಅಷ್ಟಿಷ್ಟು ಸಕ್ಕರೆ, ಆಮ್ಲಜನಕ ಎಲ್ಲವನ್ನೂ ಬಿಸಿಗಾಗಿಯೇ ಸುಡುತ್ತೆ. ಆಮೇಲೆ ಉಸಿರಾಟ, ಸೋಂಕು... ಒಂದರ ಹಿಂದೆ ಒಂದು.

ಇದಕ್ಕೆ ಮನುಷ್ಯ ಹುಡುಕಿದ ಉತ್ತರ ಎಲ್ಲಿಂದ ಬಂತು ಗೊತ್ತಾ? ಕೋಳಿಮರಿಗಳಿಂದ! ಪ್ಯಾರಿಸ್‌ನ ಹೆರಿಗೆ ವೈದ್ಯ ಸ್ಟೆಫಾನ್ ಟಾರ್ನಿಯೆ ಅಲ್ಲಿನ ಮೃಗಾಲಯದಲ್ಲಿ ಮೊಟ್ಟೆಗೆ ಕಾವು ಕೊಡುವ ಯಂತ್ರ ನೋಡಿದ. ಮರಿಗೆ ಆಗುವುದಾದರೆ ಮಗುವಿಗೆ ಯಾಕಾಗಬಾರದು? ಆ ಯಂತ್ರ ಮಾಡಿದ ಓಡಿಲ್ ಮಾರ್ಟಿನ್‌ಗೇ ಹೇಳಿ, 1880ರ ಸುಮಾರಿಗೆ ಪ್ಯಾರಿಸ್ ಹೆರಿಗೆ ಆಸ್ಪತ್ರೆಯಲ್ಲಿ ಬಿಸಿನೀರಿನ ಕಾವಿನ ಪೆಟ್ಟಿಗೆ ಇಡಿಸಿದ. ಎರಡು ಕೆ.ಜಿ.ಗಿಂತ ಕಡಿಮೆ ತೂಕದ ನೂರು ಮಕ್ಕಳಲ್ಲಿ ಮೊದಲು 66 ಸಾಯುತ್ತಿದ್ದವು. ಪೆಟ್ಟಿಗೆ ಬಂದ ಮೇಲೆ 38. ಮಷೀನನ್ನು ನಾನು ಹೀಗಳೆಯುತ್ತಿಲ್ಲ ನೋಡಿ. ಅದು ಜೀವ ಉಳಿಸಿದ್ದು ನಿಜ.

ಆದರೆ ಆಗಲೇ ಒಂದು ಎಚ್ಚರಿಕೆಯ ಗಂಟೆ ಹೊಡೆದಿತ್ತು. ಟಾರ್ನಿಯೆಯ ಶಿಷ್ಯ ಪಿಯೆರ್ ಬುಡಾನ್ ಗಮನಿಸಿದ: ಮಗು ಒಳಗೆ, ತಾಯಿ ಹೊರಗೆ ಆದಾಗ ಎದೆಹಾಲು ಬತ್ತುತ್ತದೆ, ಕೆಲವು ತಾಯಂದಿರು ಮಗುವನ್ನೇ ಬಿಟ್ಟು ಹೋಗುತ್ತಾರೆ. ಜೀವ ಉಳೀತು, ನಂಟು ಕಳಚಿತು. ತಾಯಿ ಬಂದು ನೋಡಲಿ, ಹಾಲು ಕೊಡಲಿ ಅಂತ ಬುಡಾನ್ ಪಟ್ಟು ಹಿಡಿದ. ಜಗತ್ತು ಆ ಗಂಟೆ ಕೇಳಿಸಿಕೊಂಡಿತಾ? ಇಲ್ಲ. ಅಮೆರಿಕದಲ್ಲಂತೂ ಇದು ತಮಾಷೆಯಾಯಿತು. ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಲ್ಲಿ, ಜಾತ್ರೆಯ ಆಟಗಳ ಪಕ್ಕದಲ್ಲಿ, ಜೀವಂತ ಕೂಸುಗಳ ಪೆಟ್ಟಿಗೆಗಳನ್ನು ಪ್ರದರ್ಶನಕ್ಕಿಟ್ಟ. 25 ಸೆಂಟ್ಸ್ ಟಿಕೆಟ್! ಹೆತ್ತವರಿಂದ ಮಾತ್ರ ಒಂದು ಕಾಸೂ ತೆಗೆದುಕೊಳ್ಳಲಿಲ್ಲ, ಸಾವಿರಾರು ಮಕ್ಕಳು ಬದುಕಿದರು. ಟಿಕೆಟ್ ದುಡ್ಡಿನಿಂದ ಮಕ್ಕಳು ಬದುಕಬೇಕಿತ್ತು ಅಂದರೆ ಅವತ್ತಿನ ಆಸ್ಪತ್ರೆಗಳ ಸ್ಥಿತಿ ಹೇಗಿತ್ತು ಲೆಕ್ಕ ಹಾಕಿ.

1958ರಲ್ಲಿ ನ್ಯೂಯಾರ್ಕ್‌ನ ವೈದ್ಯ ವಿಲಿಯಂ ಸಿಲ್ವರ್‌ಮನ್ ತಂಡ ಒಂದು ಪ್ರಯೋಗ ಪ್ರಕಟಿಸಿತು. ಎರಡು ಗುಂಪಿನ ಮಕ್ಕಳು. ಇನ್‌ಕ್ಯುಬೇಟರ್ ಶಾಖದಲ್ಲಿ ಮೂರೇ ಮೂರು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ. ಬೆಚ್ಚಗಿದ್ದ ಗುಂಪಿನಲ್ಲಿ ನೂರಕ್ಕೆ ಸುಮಾರು 15 ಮಕ್ಕಳು ಹೆಚ್ಚು ಬದುಕಿದರು. ಮೂರು ಡಿಗ್ರಿ! ನಾವು ಫ್ಯಾನ್ ಒಂದು ಪಾಯಿಂಟ್ ಕಮ್ಮಿ ಮಾಡುವಷ್ಟು.

ಶ್ರೀಮಂತ ದೇಶಗಳು ಇನ್ನೂ ಒಳ್ಳೆ ಪೆಟ್ಟಿಗೆ ಮಾಡಿದವು. ಬಡ ದೇಶಗಳ ಗತಿ? ಈಗ ಕೊಲಂಬಿಯಾದ ರಾಜಧಾನಿ ಬೊಗೋಟಾಗೆ ಬನ್ನಿ. 1978. ಅಲ್ಲಿನ ಮಾತೃ–ಶಿಶು ಆಸ್ಪತ್ರೆಯಲ್ಲಿ ಒಂದೊಂದು ಇನ್‌ಕ್ಯುಬೇಟರ್‌ನಲ್ಲಿ ಎರಡು, ಮೂರು ಮಕ್ಕಳು. ಒಂದಕ್ಕೆ ಸೋಂಕು ಬಂದರೆ ಪಕ್ಕದ್ದಕ್ಕೂ ಗ್ಯಾರಂಟಿ. ನನ್ನ ಎಕ್ಸಾಮಿನರ್ ಕೇಳಿದ್ದಕ್ಕಿಂತ ಕಠಿಣ ಪ್ರಶ್ನೆ ಡಾಕ್ಟರ್ ಎಡ್ಗರ್ ರೇ ಸನಾಬ್ರಿಯಾ ಅವರ ಮುಂದಿತ್ತು: ಪೆಟ್ಟಿಗೆಯೇ ಇಲ್ಲದಿದ್ರೆ? ಕಾಂಗರೂ ಮರಿ ಪೂರ್ತಿ ಬೆಳೆಯದೆ ಹುಟ್ಟಿ, ತಾಯಿಯ ಚೀಲದೊಳಗೆ ಬೆಳೆಯುವುದರ ಬಗ್ಗೆ ಅವರು ಓದಿದ್ದರು. ಮಗುವಿಗೆ ಟೋಪಿ, ಡೈಪರ್ ಬಿಟ್ಟು ಬೇರೇನೂ ಹಾಕದೆ ತಾಯಿಯ ಬರಿ ಎದೆಗೆ ನೆಟ್ಟಗೆ ಒರಗಿಸಿ ಬಟ್ಟೆಯಿಂದ ಕಟ್ಟಿದರು. ಎದೆಹಾಲು ಕೊಡಿಸಿದರು. ಚೇತರಿಸಿಕೊಂಡ ಮಕ್ಕಳನ್ನು ಬೇಗ ಮನೆಗೆ ಕಳಿಸಿ, ಮತ್ತೆ ಮತ್ತೆ ಕರೆಸಿ ನೋಡಿದರು. ಮುಂದಿನ ವರ್ಷ ಡಾಕ್ಟರ್ ಹೆಕ್ಟರ್ ಮಾರ್ಟಿನೆಜ್ ಜೊತೆಯಾದರು. ‘ಕಾಂಗರೂ ಮದರ್ ಕೇರ್’ ಹುಟ್ಟಿದ್ದು ಹೀಗೆ.

ಎಲ್ಲರೂ ಚಪ್ಪಾಳೆ ಹೊಡೆದ್ರಾ? ಇಲ್ಲ. 1985ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಟೀಕೆ ಬಂತು: ಮೊದಲ ದಿನಗಳಲ್ಲೇ ತೀರಿಕೊಂಡ ಮಕ್ಕಳನ್ನು ಬಿಟ್ಟು ಲೆಕ್ಕ ಹೇಳ್ತಿದ್ದೀರಿ ಅಂತ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಭಾಷಣದಲ್ಲಿ ಬರಲಿಲ್ಲ. ನಥಾಲಿ ಶಾರ್ಪಾಕ್ ಮುಂತಾದ ವೈದ್ಯರು ಬೊಗೋಟಾದಲ್ಲೇ ನೂರಾರು ಮಕ್ಕಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ, 1997ರಿಂದ ಫಲಿತಾಂಶ ಪ್ರಕಟಿಸಿದರು. ಅದೇ ಮಕ್ಕಳನ್ನು ಇಪ್ಪತ್ತು ವರ್ಷದ ನಂತರ ಹುಡುಕಿಕೊಂಡು ಹೋಗಿಯೂ ನೋಡಿದರು.

ನಮ್ಮ ಬೆಂಗಳೂರಿಗೂ ಇದರಲ್ಲಿ ಒಂದು ಪಾತ್ರ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ತಂಡವೊಂದು ಕರೆಂಟ್ ಸದಾ ಬೇಕಿಲ್ಲದ ‘ಎಂಬ್ರೇಸ್’ ಎಂಬ ಪುಟ್ಟ ಚೀಲ ರೂಪಿಸಿ, ಬೆಂಗಳೂರಿಗೆ ಬಂದು ನೆಲೆಸಿ ಅದನ್ನು ಬೆಳೆಸಿತು. ಚೀಲದೊಳಗೆ ಮೇಣದಂಥ ವಸ್ತು. ಕರಗಿಸಿ ಇಟ್ಟರೆ ಮತ್ತೆ ಗಟ್ಟಿಯಾಗುತ್ತಾ ಗಂಟೆಗಟ್ಟಲೆ 37 ಡಿಗ್ರಿ ಕಾವು ಕೊಡುತ್ತೆ. ಎಂಜಿನಿಯರ್ ಆಗಿ ನನಗೆ ಹೊಟ್ಟೆಕಿಚ್ಚು ತರಿಸುವ ಐಡಿಯಾ. ಆದರೆ ಅದನ್ನು ಮಾಡಿದವರೇ ಹೇಳಿದ್ದು: ಇದು ತಾಯಿಯ ಮೈಗೆ ಬದಲಿ ಅಲ್ಲ, ತಾಯಿ ಎತ್ತಿಕೊಳ್ಳಲಾಗದ ಹೊತ್ತಿಗೆ.

ಹಾಗಾದರೆ ಕೊನೆಯ ತೀರ್ಪು? ಅದು ಬಂದಿದ್ದು 2021ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳು. ನಮ್ಮದು ದೆಹಲಿಯ ಸಫ್ದರ್‌ಜಂಗ್. ಒಂದರಿಂದ 1.8 ಕೆ.ಜಿ. ಒಳಗಿನ 3,211 ಮಕ್ಕಳು. ಒಂದು ಗುಂಪನ್ನು ಹಳೆಯ ಪದ್ಧತಿಯಂತೆ ಮೊದಲು ಮಷೀನ್‌ನಲ್ಲಿಟ್ಟು, ಸ್ಥಿರವಾದ ಮೇಲೆ ತಾಯಿಗೆ ಕೊಟ್ಟರು. ಇನ್ನೊಂದು ಗುಂಪು ಹುಟ್ಟಿದ ಕೂಡಲೇ ತಾಯಿಯ ಎದೆಗೆ, ದಿನಕ್ಕೆ ಸುಮಾರು 17 ಗಂಟೆ. ಬೇಕಾದ ಚಿಕಿತ್ಸೆ ಅಲ್ಲೇ, ಆ ಮಡಿಲಲ್ಲೇ. 28 ದಿನದೊಳಗಿನ ಸಾವು ಮೊದಲ ಗುಂಪಿನಲ್ಲಿ ಶೇ. 15.7, ಎರಡನೆಯದರಲ್ಲಿ ಶೇ. 12. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ, ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಈ ಗೆಲುವಿಗೆ ಆಸ್ಪತ್ರೆಗಳು ಏನು ಬದಲಾಯಿಸಿದವು? ಐಸಿಯು ಒಳಗೆ ತಾಯಿಗೂ ಒಂದು ಹಾಸಿಗೆ ಹಾಕಿದವು. ಅಷ್ಟೇ ರೀ! ಅಷ್ಟೇ ಅನ್ನುವುದು ಸುಲಭ. ಆ ಹಾಸಿಗೆಗೆ ಜಾಗ ಬೇಕು, ತಾಯಿಗೆ ಊಟ ಬೇಕು, ಮರೆ ಬೇಕು, ಕಲಿಸಿಕೊಡುವ ನರ್ಸ್ ಬೇಕು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಕಾಂಗರೂ ಆರೈಕೆಯನ್ನು ಹಬ್ಬಿಸುವುದು ಹೇಗೆ ಎಂಬ ಅಧ್ಯಯನ ನಡೆಯಿತು. ಅಲ್ಲೂ ಕೈಹಿಡಿದಿದ್ದು ಅಧಿಕಾರಿಗಳ ಮನಸ್ಸು ಮತ್ತು ಮನೆಯವರ ಬೆಂಬಲ. ತಾಯಿಗೆ ಸುಸ್ತಾದಾಗ ಅಜ್ಜಿ, ಚಿಕ್ಕಮ್ಮ ಕೊನೆಗೆ ಅಪ್ಪನೂ ಮಗುವನ್ನು ಎದೆಗೆ ಕಟ್ಟಿಕೊಳ್ಳಬಹುದು.

ಇನ್‌ಕ್ಯುಬೇಟರ್ ಬೇಡ ಅಂತ ಯಾರೂ ಹೇಳ್ತಿಲ್ಲ. ಆಮ್ಲಜನಕ ಬೇಕು, ಉಸಿರಾಟದ ಯಂತ್ರ ಬೇಕು, ಕೆಟ್ಟಿದ್ದು ರಿಪೇರಿ ಆಗಲೇಬೇಕು. ನಾವು ಮಷೀನ್ ಎಣಿಸುತ್ತಾ, ಕರೆಂಟ್ ಬೇಡದ, ಬಿಡಿಭಾಗ ಬೇಡದ, ಹಾಲನ್ನೂ ಕೊಡುವ ಒಂದು ಜೀವವನ್ನು ಕಾರಿಡಾರ್‌ನಲ್ಲಿ ಕೂರಿಸಿದ್ದೇವೆ. ನನ್ನ ತಕರಾರು ಅದು.

ಆವತ್ತು ಹಾಕದ ಬೈಟ್ ಇವತ್ತು ಹಾಕುತ್ತಿದ್ದೇನೆ. ನಿಮ್ಮ ಮನೆಯ ಮಗು ಪೆಟ್ಟಿಗೆಯಲ್ಲಿದ್ದರೆ, ಡಾಕ್ಟರನ್ನು ಕೇಳಿ: ‘ಸರ್, ಅಮ್ಮ ಯಾವಾಗ ಎತ್ಕೋಬಹುದು?’