ಟೋಪಿ ಪಿನ್ನಿನಿಂದ ಫಿಲ್ಟರ್‌ವರೆಗೆ: ಗೇಣುದ್ದ ಪೆಟ್ರೋಲ್ ಪೈಪಿನ ಕಥೆ

ಬೈಕಿನ ಟ್ಯಾಂಕಿನಿಂದ ಕಾರ್ಬೊರೇಟರಿಗೆ ಇಳಿಯುವ ಪೈಪು ಒಂದು ಗೇಣು ಇದ್ದರೆ ಹೆಚ್ಚು. ಅದರ ಮೂಲಕ ಚೂರು ಕಸ ಇಳಿದರೂ ಸಾಕು, ಡೇರಿಗೆ ಹೊರಟ ಹಾಲು ದಾರಿಯಲ್ಲೇ ನಿಲ್ಲುತ್ತದೆ. ಮೆಕ್ಯಾನಿಕ್ ಹತ್ತಿರ ಹೋದರೆ "ಪೈಪಿಗೊಂದು ಫಿಲ್ಟರ್ ಹಾಕಿಸಿ" ಅನ್ನುತ್ತಾರೆ. ಹೆಬ್ಬೆರಳಿನಷ್ಟು ದಪ್ಪದ ಆ ಪ್ಲಾಸ್ಟಿಕ್ ಡಬ್ಬಿ ಈಗ ಯಾಕೆ ಇಷ್ಟು ಬೇಕಾಗಿದೆ? ಉತ್ತರ ಹುಡುಕುತ್ತ ನಾವು 1888ಕ್ಕೆ ಹೋಗಿ ಮುಟ್ಟಿದೆವು.

ಆ ವರ್ಷದ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ಥಾ ಬೆಂಜ್, ಗಂಡ ಕಾರ್ಲ್ ಬೆಂಜ್ ಮಾಡಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳ ಜೊತೆ ತವರಿಗೆ ಹೊರಟರು. ಗಂಡನಿಗೆ ಹೇಳಿರಲಿಲ್ಲ. ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಪೆಟ್ರೋಲ್ ಬಂಕ್ ಆಗ ಎಲ್ಲೂ ಇರಲಿಲ್ಲ. ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರವ ಕೊಂಡು ಗಾಡಿಗೆ ತುಂಬಿಸಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದರು. ಮೋಟಾರು ಗಾಡಿಯ ಮೊದಲ ದೂರ ಪ್ರಯಾಣದಲ್ಲೇ ನಮ್ಮ ಇವತ್ತಿನ ತೊಂದರೆ ಎದುರಾಗಿತ್ತು.

ಆಮೇಲೆ ಪೆಟ್ರೋಲ್ ತಗಡಿನ ಡಬ್ಬಿಗಳಲ್ಲಿ ಮಾರಾಟಕ್ಕೆ ಬಂತು. ಡಬ್ಬಿಯ ತುಕ್ಕು, ದಾರಿಯ ಧೂಳು ಒಳಗೆ ಇಳಿಯದಿರಲಿ ಅಂತ ಜನ ಆಲಿಕೆಗೆ ಮೆದು ಚರ್ಮ ಹಾಸಿ ಸೋಸಿ ಹಾಕುತ್ತಿದ್ದರು. ಹಾಲು ಸೋಸಿದ ಹಾಗೇ. ಮುಂದೆ ಜಾಲರಿಯನ್ನು ಗಾಡಿಯೊಳಗೇ ಇಟ್ಟರು. ಪೆಟ್ರೋಲ್ ಕಾಕ್‌ಗೆ ಸಣ್ಣ ಜಾಲರಿ, ಕೆಲವು ಗಾಡಿಗಳಲ್ಲಿ ಅದರ ಕೆಳಗೆ ಬಿಚ್ಚಿ ತೊಳೆಯುವ ಬಟ್ಟಲು. ಕಸವೂ ನೀರೂ ಪೆಟ್ರೋಲಿಗಿಂತ ಭಾರ, ಬಟ್ಟಲಿನ ತಳದಲ್ಲಿ ನಿಲ್ಲುತ್ತಿದ್ದವು.

ನಮ್ಮ ರಾಜ್ಯಕ್ಕೆ ಈ ಕಥೆ ಬಂದದ್ದು ಮೈಸೂರಿನ ಮೂಲಕ. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು. 1973ರಿಂದ ಅವುಗಳ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ನಿಂತಿತು. ಅವು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿಗಳು. ಆ ಕಾಲದ ಸವಾರರಿಗೆ ಕಾಕ್ ಬಿಚ್ಚಿ ತೊಳೆಯುವುದು ಚೈನಿಗೆ ಎಣ್ಣೆ ಬಿಟ್ಟಷ್ಟೇ ಮಾಮೂಲಿ ಕೆಲಸವಾಗಿತ್ತು.

ನಂತರ ಬದಲಾದದ್ದು ಪೆಟ್ರೋಲ್. 2003ರಲ್ಲಿ ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5 ಎಥನಾಲ್ ಬೆರೆಸುವುದು ಶುರುವಾಯಿತು. 2023ರ ಫೆಬ್ರವರಿಯಲ್ಲಿ ಶೇ. 20ರ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಕಬ್ಬಿನಿಂದಲೂ ಬರುತ್ತದೆ, ಹಾಗಾಗಿ ರೈತರಿಗೆ ಇದರಲ್ಲಿ ಪಾಲಿದೆ. ಆದರೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಆಗ ಕಬ್ಬಿಣದ ಟ್ಯಾಂಕಿಗೆ ತುಕ್ಕು. ಹಳೇ ಗಾಡಿಯ ರಬ್ಬರ್ ಪೈಪು ಬಿರುಕು ಬಿಡಬಹುದು, ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಡ್ಡೂ ಕಳಚಿ ಕೆಳಗಿಳಿಯಬಹುದು. ಬಂಕ್ ದೂರ ಇರುವ ಊರುಗಳಲ್ಲಿ ಬಾಟಲಿ ಪೆಟ್ರೋಲಿನ ಕಸ ಬೇರೆ. ಕಾರ್ಬೊರೇಟರಿನ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಒಂದು ತುಕ್ಕಿನ ಚೂರು ಸಾಕು, ಗಾಡಿ ಐಡ್ಲಿಂಗ್‌ನಲ್ಲಿ ನಿಲ್ಲುವುದಿಲ್ಲ.

ಹಾಗಾಗಿ ಪೈಪಿನ ಫಿಲ್ಟರ್. ಹಾಕುವಾಗ ಕೆಲವು ಮಾತು ನೆನಪಿರಲಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಕೆಲಸ ಬಯಲಲ್ಲಿ ನಡೆಯಬೇಕು, ಬೀಡಿ, ದೀಪ, ಒಲೆ ಹತ್ತಿರ ಇರಬಾರದು. ಕಾಕ್ ಮುಚ್ಚಿ ಪೈಪು ಬಿಚ್ಚಿ. ಫಿಲ್ಟರಿನ ಮೇಲಿನ ಬಾಣ ಕಾರ್ಬೊರೇಟರಿನ ಕಡೆ ತೋರಿಸಬೇಕು. ಬೈಕಿನಲ್ಲಿ ಪೆಟ್ರೋಲ್ ಇಳಿಯುವುದು ತನ್ನ ಭಾರದಿಂದ ಮಾತ್ರ, ತಳ್ಳಲು ಪಂಪ್ ಇಲ್ಲ. ಆದ್ದರಿಂದ ಕಾರಿನ ಫಿಲ್ಟರ್ ಬೇಡ, ಬೈಕಿನದೇ ಕೇಳಿ. ಪೈಪು ಎಲ್ಲೂ ಮೇಲೇರದೆ ಇಳಿಜಾರಾಗಿರಲಿ, ಬಿಸಿ ಸಿಲಿಂಡರಿಗೆ ತಾಗದಿರಲಿ. ಎರಡೂ ತುದಿಗೆ ಕ್ಲಿಪ್ ಹಾಕಿ. ಕಾಕ್ ತೆರೆದು ಸ್ವಲ್ಪ ಹೊತ್ತು ಕಾಯಿರಿ, ಒಂದು ಹನಿಯೂ ಸೋರುತ್ತಿಲ್ಲ ಅಂತ ಖಾತ್ರಿಯಾದ ಮೇಲೇ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್ ಮೇಲೆ ಬಿದ್ದ ಪೆಟ್ರೋಲ್ ಗಾಡಿಯನ್ನೇ ಸುಡಬಲ್ಲದು.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳು ಫ್ಯೂಯಲ್ ಇಂಜೆಕ್ಷನ್‌ಗೆ ತಿರುಗಿದವು. ಅವುಗಳಲ್ಲಿ ಪಂಪ್ ಇದೆ, ಪೈಪಿನಲ್ಲಿ ಒತ್ತಡ ತುಂಬ ಜಾಸ್ತಿ. ಅಂಥ ಗಾಡಿಗೆ ಈ ಪ್ಲಾಸ್ಟಿಕ್ ಫಿಲ್ಟರ್ ಹಾಕಲೇಬೇಡಿ, ಒತ್ತಡಕ್ಕೆ ಕಿತ್ತುಬಂದರೆ ಪೆಟ್ರೋಲ್ ಚಿಮ್ಮುತ್ತದೆ.

ಇನ್ನೊಂದು ಮಾತು. ಪೆಟ್ರೋಲಿನಲ್ಲಿ ಕರಗಿದ ನೀರನ್ನು ಈ ಫಿಲ್ಟರ್ ತಡೆಯುವುದಿಲ್ಲ, ತುಕ್ಕು ಹಿಡಿಯುವುದನ್ನೂ ನಿಲ್ಲಿಸುವುದಿಲ್ಲ. ಪಾರದರ್ಶಕ ಡಬ್ಬಿಯಲ್ಲಿ ಕೆಂಪು ಪುಡಿ ಕಂಡರೆ ತೊಳೆಯಬೇಕಾದ್ದು ಟ್ಯಾಂಕ್. ಅದನ್ನು ಬಿಟ್ಟು ಫಿಲ್ಟರ್ ಮಾತ್ರ ಬದಲಿಸುತ್ತ ಹೋದರೆ ಪ್ರತಿ ತಿಂಗಳೂ ಅದೇ ಖರ್ಚು. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಗಾಳಿ ಕಡಿಮೆಯಾದಷ್ಟೂ ತೇವವೂ ಕಡಿಮೆ. ನಾಳೆ ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಆ ಪೈಪನ್ನು ಒಮ್ಮೆ ಬಗ್ಗಿ ನೋಡಿ.